ಫ್ಯೂಸು ಏಕೆ ಸುಡಲಿಲ್ಲ?

ಇಸ್ತ್ರಿಪೆಟ್ಟಿಗೆಯನ್ನೋ ಗೀಸರಿನ ನಲ್ಲಿಯನ್ನೋ ಮುಟ್ಟಿದಾಗ ಬೆರಳು ಜುಮ್ಮೆಂದ ಅನುಭವ ವಾಚಕರಲ್ಲಿ ಅನೇಕರಿಗೆ ಆಗಿರಬಹುದು. "ಸ್ವಲ್ಪ ಶಾಕ್ ಹೊಡೆಯುತ್ತದೆ, ಚಪ್ಪಲಿ ಹಾಕಿಕೊಂಡು ಮುಟ್ಟು" ಎಂದು ಹೇಳಿ ಮನೆಯವರು ಸುಮ್ಮನಾಗುವರು. ದೀಪಗಳು ಉರಿಯುತ್ತಿವೆ, ಫ್ಯೂಸು ಸುಟ್ಟಿಲ್ಲ; ಆದುದರಿಂದ ದೋಷವು ಅಷ್ಟೇನೂ ದೊಡ್ಡದಲ್ಲವೆಂದು ಅವರ ಎಣಿಕೆ. ಈ ಎಣಿಕೆ ಸರಿಯೇ? ಚಿತ್ರದುರ್ಗದಂತಹ ಊರಿನಲ್ಲಿ ಇದಕ್ಕೆ ಉತ್ತರವನ್ನು ತಂತಿಗಳಲ್ಲಿ ಮಾತ್ರವಲ್ಲ, ಕಾಲಡಿಯ ನೆಲದಲ್ಲಿಯೂ ಹುಡುಕಬೇಕು.

ಮನೆಗೆ ಬರುವ ಫೇಸ್ ತಂತಿಗೂ ನೆಲಕ್ಕೂ ನಡುವೆ ಸುಮಾರು 230 ವೋಲ್ಟ್ ವಿಭವಾಂತರವಿರುತ್ತದೆ. ನ್ಯೂಟ್ರಲ್ ತಂತಿಯನ್ನು ಟ್ರಾನ್ಸ್‌ಫಾರ್ಮರಿನ ಬಳಿ ನೆಲಕ್ಕೆ ಜೋಡಿಸಿರುವರು. ಮೂರನೆಯದಾದ ಭೂಸಂಪರ್ಕದ ತಂತಿಯು ಉಪಕರಣದ ಲೋಹದ ಮೈಯನ್ನು ಮನೆಯ ಪಕ್ಕದ ಗುಂಡಿಯಲ್ಲಿ ಹೂತ ತಗಡಿಗೆ ಸೇರಿಸುವುದು. ಉಪಕರಣದೊಳಗೆ ಫೇಸ್ ತಂತಿಯ ಹೊದಿಕೆ ಕೆಟ್ಟು ಅದು ಮೈಗೆ ತಗುಲಿತೆನ್ನೋಣ. ಪ್ರವಾಹವು ಮೈಯಿಂದ ತಗಡಿಗೆ, ತಗಡಿನಿಂದ ಮಣ್ಣಿಗೆ, ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿಗೆ ಹಿಂದಿರುಗಬೇಕು. ಅದು ಸಾಕಷ್ಟು ಹೆಚ್ಚಾಗಿದ್ದರೆ ಮಾತ್ರ ಫ್ಯೂಸಿನ ತಂತಿ ಕರಗೀತು.

ಎಷ್ಟು ಹೆಚ್ಚು? ಲೆಕ್ಕ ಹಾಕಿಯೇ ನೋಡೋಣ. 60 ಸೆಂಟಿಮೀಟರ್ ಚದರದ ತಗಡನ್ನು ಹೂತರೆ ಅದರ ರೋಧವು, ಓಂಗಳಲ್ಲಿ, ಸುತ್ತಲಿನ ನೆಲದ ರೋಧಶೀಲತೆಯ ಸಂಖ್ಯೆಯ ಸುಮಾರು ಅರ್ಧದಷ್ಟಾಗುತ್ತದೆ. ಹಿರಿಯೂರಿನ ಕಡೆಯ ಹಸಿ ಎರೆಮಣ್ಣಿಗೆ 20 ಓಂ-ಮೀಟರ್ ಎಂದು ಇಟ್ಟುಕೊಂಡರೆ ರೋಧ 10 ಓಂ. ದೋಷದ ಪ್ರವಾಹ 23 ಆಂಪಿಯರ್. ದುರ್ಗದ ಬೆಟ್ಟದ ಮಗ್ಗುಲಲ್ಲಿ ಒಣ ಗರಸು, ಅದರ ಕೆಳಗೆ ಬಂಡೆ. ಅಲ್ಲಿ 1000 ಓಂ-ಮೀಟರ್ ಎಂದು ಇಟ್ಟುಕೊಂಡರೂ ಅದು ಅತಿಶಯವಲ್ಲ. ಆಗ ರೋಧ 500 ಓಂ, ಪ್ರವಾಹ 0.46 ಆಂಪಿಯರ್ ಮಾತ್ರ. ನೂರು ವಾಟಿನ ಒಂದು ಬಲ್ಬು ಎಳೆದುಕೊಳ್ಳುವುದೂ ಹೆಚ್ಚುಕಡಮೆ ಇಷ್ಟನ್ನೇ! ಪಾಪ, ಫ್ಯೂಸಿಗೆ ಇದು ದೋಷವೆಂದು ತಿಳಿಯುವ ಬಗೆಯಾದರೂ ಹೇಗೆ? ಅದು ಸುಡುವುದಿಲ್ಲ, ಇಸ್ತ್ರಿಪೆಟ್ಟಿಗೆಯ ಮೈ ಹೆಚ್ಚುಕಡಮೆ 230 ವೋಲ್ಟಿನಲ್ಲಿಯೇ ನಿಲ್ಲುವುದು. ಚಪ್ಪಲಿ ತೊಟ್ಟವನಿಗೆ ಜುಮ್ಮೆಂದೀತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವನ ದೇಹದ ರೋಧ 2000 ಓಂ ಆದರೆ 115 ಮಿಲಿಆಂಪಿಯರ್ ಹರಿಯುವುದು. ಹೃದಯದ ಲಯವನ್ನು ಕೆಡಿಸಿ ಕೊಲ್ಲಲು ಅಷ್ಟು ಸಾಕು.

ಎರೆಮಣ್ಣಿನವರೂ ನಿಶ್ಚಿಂತರಾಗಿರುವಂತಿಲ್ಲ. ಈಗ ಫ್ಯೂಸಿನ ಬದಲು ಹಾಕುವ 16 ಆಂಪಿಯರಿನ ಎಂ.ಸಿ.ಬಿ.ಯು ತಟ್ಟನೆ ಬೀಳಬೇಕಾದರೆ ಕನಿಷ್ಠ ಮೂರು ಪಟ್ಟು, ಎಂದರೆ 48 ಆಂಪಿಯರ್ ಹರಿಯಬೇಕು. 23 ಆಂಪಿಯರಿಗೆ ಅದು ಬಹಳ ಹೊತ್ತು ಕಾಯಿಸುವುದು. ಹೊಸದುರ್ಗ, ಹೊಳಲ್ಕೆರೆಗಳ ಕಡೆ ಅಡಕೆ ತೋಟದೊಳಗಿನ ಮನೆಗೂ ಅದೇ ಊರಿನ ದಿಣ್ಣೆಯ ಮೇಲಿನ ಮನೆಗೂ ಭೂಸಂಪರ್ಕದ ರೋಧ ಒಂದೇ ಆಗಿರಲಾರದು. ಗುಂಡಿಗೆ ಇದ್ದಿಲು, ಉಪ್ಪು ತುಂಬುವುದೂ ಬೇಸಗೆಯಲ್ಲಿ ನೀರು ಹೊಯ್ಯುವುದೂ ಈ ರೋಧವನ್ನು ತಗ್ಗಿಸುವುದಕ್ಕಾಗಿಯೇ. ಮನೆ ಕಟ್ಟಿಸಿದ ವರ್ಷ ನೀರು ಹೊಯ್ದು ಆಮೇಲೆ ಆ ಗುಂಡಿಯನ್ನು ಮರೆತುಬಿಡುವುದು ನಮ್ಮ ಕಡೆಯ ವಾಡಿಕೆ.

ಬಂಡೆಯ ನೆಲಕ್ಕೆ ತಕ್ಕ ಕಾವಲುಗಾರ ಆರ್.ಸಿ.ಸಿ.ಬಿ. ಎಂಬ ಸಾಧನ. ಇದರಲ್ಲಿ ಫೇಸ್, ನ್ಯೂಟ್ರಲ್ ಎರಡೂ ಒಂದೇ ಕಬ್ಬಿಣದ ಉಂಗುರದ ಮೂಲಕ ಹಾಯುತ್ತವೆ. ಹೋದ ಪ್ರವಾಹವೆಲ್ಲ ಹಿಂದಿರುಗಿದರೆ ಅವೆರಡರ ಕಾಂತಪ್ರಭಾವ ಪರಸ್ಪರ ಅಳಿದುಹೋಗುವುದು. 30 ಮಿಲಿಆಂಪಿಯರಿನಷ್ಟು ದಾರಿತಪ್ಪಿ ನೆಲಕ್ಕೆ ಹೋದರೂ ಸಾಧನವು ಎರಡು ತಂತಿಗಳನ್ನೂ ಕಡಿದುಹಾಕುವುದು. ನಮ್ಮ ಲೆಕ್ಕದ 0.46 ಆಂಪಿಯರ್ ಇದರ ಹದಿನೈದು ಪಟ್ಟು! ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಬೇಕು. ಅದರಿಂದ ಸಾಧನ ಸರಿಯಿದೆಯೆಂದು ಮಾತ್ರ ತಿಳಿಯುವುದು. ಭೂಸಂಪರ್ಕದ ವಿಷಯವನ್ನು ಅದು ಹೇಳಲಾರದು. ಫೇಸನ್ನು ಒಂದು ಕೈಯಲ್ಲೂ ನ್ಯೂಟ್ರಲನ್ನು ಇನ್ನೊಂದರಲ್ಲೂ ಹಿಡಿದವನನ್ನು ಈ ಸಾಧನ ಉಳಿಸಲಾರದೆಂಬುದೂ ನೆನಪಿರಲಿ.

ಇದು ಪದೇ ಪದೇ ಬೀಳುತ್ತಿದ್ದರೆ ದೋಷವನ್ನು ಹುಡುಕುವುದು ಹೇಗೆ? ಸ್ವಿಚ್ಚುಗಳನ್ನು ಆರಿಸಿದರೆ ಸಾಲದು, ಪ್ಲಗ್ಗುಗಳನ್ನು ಕಿತ್ತೇ ಇಡಬೇಕು. ಸ್ವಿಚ್ಚು ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ಉಪಕರಣದ ಮೈಗೆ ತಗುಲಿದ್ದರೂ ಆರ್.ಸಿ.ಸಿ.ಬಿ. ಬೀಳಬಹುದು. ಎಲ್ಲವನ್ನೂ ಕಿತ್ತ ಮೇಲೆ ಅದು ನಿಂತರೆ ಒಂದೊಂದನ್ನಾಗಿ ಸಿಕ್ಕಿಸಿ ಸ್ವಿಚ್ಚು ಹಾಕುತ್ತ ಬನ್ನಿ. ಯಾವುದಕ್ಕೆ ಬೀಳುವುದೋ ಅದೇ ಅಪರಾಧಿ. ಏನನ್ನೂ ಸಿಕ್ಕಿಸದೆಯೇ ಬಿದ್ದರೆ ದೋಷವಿರುವುದು ಗೋಡೆಯೊಳಗಿನ ತಂತಿಯಲ್ಲಿ, ಇಲ್ಲವೆ ಪ್ಲಗ್ಗಿಲ್ಲದೆ ನೇರವಾಗಿ ಜೋಡಿಸಿದ ಗೀಸರು, ಪಂಪುಗಳಲ್ಲಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು.

ರಿಪೇರಿ ಅಂಗಡಿಗಳಲ್ಲಿ ನೂರು ವಾಟಿನ ಬಲ್ಬನ್ನು ಉಪಕರಣದೊಡನೆ ಸರಣಿಯಲ್ಲಿ ಜೋಡಿಸಿ ನೋಡುವ ರೂಢಿಯುಂಟು. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಆಗಿದೆಯೆಂದು ತೀರ್ಮಾನ. ಉರಿಯುವ ಬಲ್ಬಿನ ರೋಧ 529 ಓಂ. 1000 ವಾಟಿನ ಇಸ್ತ್ರಿಪೆಟ್ಟಿಗೆಯದು 53 ಓಂ. ಪೆಟ್ಟಿಗೆ ನೆಟ್ಟಗಿದ್ದಾಗಲೂ ಬಲ್ಬಿಗೆ 209 ವೋಲ್ಟ್ ಸಿಕ್ಕುವುದು. 209ಕ್ಕೂ 230ಕ್ಕೂ ಇರುವ ಬೆಳಕಿನ ಭೇದವನ್ನು ಬರಿಗಣ್ಣಿನಿಂದ ನಿರ್ಣಯಿಸುವುದು ಕಷ್ಟ. ಮೇಲಾಗಿ ಆ ಹಲಗೆಯ ತಂತಿಯ ತುದಿಗಳು ಬತ್ತಲೆಯಾಗಿರುವುವು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಮಾಡಬಾರದೆಂದೇ ನಮ್ಮ ಅಭಿಪ್ರಾಯ.

ಪ್ಲಗ್ಗನ್ನು ಕಿತ್ತು ಮಲ್ಟಿಮೀಟರಿನಿಂದ ಅಳೆಯುವುದೇ ಲೇಸು. ಇಸ್ತ್ರಿಪೆಟ್ಟಿಗೆಯ ಗುಂಡನ್ನು ಹೆಚ್ಚು ಶಾಖದ ಗುರುತಿಗೆ ತಿರುಗಿಸಿ ಎರಡು ಸಣ್ಣ ಪಿನ್ನುಗಳ ನಡುವೆ ಅಳೆದರೆ ಸುಮಾರು 53 ಓಂ ಬರಬೇಕು. ದಪ್ಪ ಪಿನ್ನಿಗೂ ಲೋಹದ ಮೈಗೂ ನಡುವೆ ರೋಧ ಸೊನ್ನೆಗೆ ಹತ್ತಿರವಿರಬೇಕು. ಇಲ್ಲವಾದರೆ ಭೂಸಂಪರ್ಕದ ತಂತಿ ತುಂಡಾಗಿದೆ. ಸಣ್ಣ ಪಿನ್ನಿಗೂ ಮೈಗೂ ನಡುವೆ ಯಾವ ಸಂಪರ್ಕವೂ ಕಾಣಬಾರದು. ಆದರೆ ಮೀಟರಿನ ಬ್ಯಾಟರಿ ಒಡ್ಡುವುದು ಕೆಲವೇ ವೋಲ್ಟುಗಳನ್ನು. ಅದಕ್ಕೆ ಕಾಣದ ದೋಷವನ್ನು 500 ವೋಲ್ಟ್ ಒಡ್ಡುವ ಮೆಗ್ಗರ್ ತೋರಿಸೀತು. ಅದರಲ್ಲಿ ಒಂದು ಮೆಗಓಮಿಗೆ ಕಡಮೆಯಾದರೆ ಅನುಮಾನಿಸಬೇಕು. ನೀರು ಕಾಯಿಸುವ ರಾಡಿನೊಳಗೆ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ತೇವವನ್ನು ಹೀರುವಂಥದು. ಬಹುಕಾಲ ಮೂಲೆಯಲ್ಲಿದ್ದ ರಾಡು ಕಡಮೆ ತೋರಿಸಿದರೆ ಕೆಲವು ದಿನ ಬಿಸಿಲಿನಲ್ಲಿ ಒಣಗಿಸಿ ಮತ್ತೆ ಅಳೆಯಿಸಬಹುದು. ಆಗಲೂ ಏರದಿದ್ದರೆ ಅದನ್ನು ಗುಜರಿಗೆ ಹಾಕತಕ್ಕದ್ದು.