ಕ್ಯೂಸೆಕ್ ಅಂದ್ರ ಎಷ್ಟ್ರೀ?

ಮಲಪ್ರಭೆ ತುಂಬಿ, ಸವದತ್ತಿ ತಾಲೂಕಿನ ನವಿಲುತೀರ್ಥ ಅಣೆಕಟ್ಟೆಯ ಗೇಟು ಎತ್ತುವ ಹೊತ್ತಿಗೆ ಒಂದು ಪ್ರಕಟಣೆ ಹೊರಡುತ್ತದೆ. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್, ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕು, ಜಾನುವಾರುಗಳನ್ನು ನದಿಗೆ ಇಳಿಸಬಾರದು. ಅದರಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಆದರೆ ರಾಮದುರ್ಗದ ಹೊಳೆದಂಡೆಯ ಮನೆಯಲ್ಲಿ ಮೊಮ್ಮಗನಿಂದ ಅದನ್ನು ಓದಿಸಿಕೊಳ್ಳುವ ಅಜ್ಜಿಗೆ ಬೇಕಾದದ್ದೇ ಬೇರೆ: “ಕ್ಯೂಸೆಕ್ ಅಂದ್ರ ಎಷ್ಟ್ರೀ? ನಮ್ಮ ಹೊಸ್ತಲಕ್ಕ ನೀರ ಬರ್ತಾವೊ ಇಲ್ಲೊ, ಅಷ್ಟ ಹೇಳ್ರಿ.”

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್. ಐವತ್ತು ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಹದಿನಾಲ್ಕು ಲಕ್ಷ ಲೀಟರ್. ಲೆಕ್ಕ ಸರಿ, ಆದರೆ ಅಜ್ಜಿಗೆ ಉತ್ತರ ಸಿಗಲಿಲ್ಲ. ಆ ಲೆಕ್ಕಕ್ಕೂ ಆ ಹೊಸ್ತಿಲಿಗೂ ನಡುವೆ ನಿಂತು ಕೆಲಸ ಮಾಡಬೇಕಾದವರು ವಾರ್ತಾಧಿಕಾರಿಗಳು. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಎಂಬುದು ಅವರ ಇಲಾಖೆಯ ಪೂರ್ತಿ ಹೆಸರು. ಪತ್ರಿಕೆ ಓದುವವರಿಗೆ ಅವರು ಪರಿಚಿತರೇ, ಹೆಸರಿನಿಂದಲ್ಲ, ಊರು ಮತ್ತು ತಾರೀಖಿನ ಪಕ್ಕ ಕಂಸದಲ್ಲಿ ಬರುವ ‘ಕರ್ನಾಟಕ ವಾರ್ತೆ’ ಎಂಬ ಎರಡು ಪದಗಳಿಂದ.

ಬೇರೆಲ್ಲ ಕಡೆಗಿಂತ ಈ ಭಾಗದಲ್ಲಿ ಆ ಕೆಲಸದ ತೂಕ ಹೆಚ್ಚು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಘಟ್ಟದ ಜಡಿಮಳೆಯಲ್ಲಿ. ಪೂರ್ವಕ್ಕೆ ಹರಿದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಸವದತ್ತಿ, ರಾಮದುರ್ಗ ಬಿಸಿಲಿನ ಸೀಮೆ. ಕಣಕುಂಬಿಯಲ್ಲಿ ವಾರಗಟ್ಟಲೆ ಮಳೆ ಸುರಿಯುವಾಗ ರಾಮದುರ್ಗದ ಅಂಗಳದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಕರಾವಳಿಯ ಮನುಷ್ಯ ಮೋಡ ನೋಡಿ ಎಚ್ಚರವಾಗುತ್ತಾನೆ. ಇಲ್ಲಿಯವನಿಗೆ ಮೋಡ ಏನನ್ನೂ ಹೇಳುವುದಿಲ್ಲ. ಅಣೆಕಟ್ಟೆಯ ಕಡೆಯಿಂದ ಬರುವ ಮಾತೊಂದೇ ಅವನಿಗೆ ಮುನ್ಸೂಚನೆ.

2019ರ ಆಗಸ್ಟ್‌ನಲ್ಲಿ ಆದದ್ದು ಇದೇ. 37.73 ಟಿಎಂಸಿ ಸಾಮರ್ಥ್ಯದ ಜಲಾಶಯ ಅದಕ್ಕೂ ಹಿಂದಿನ ಎಷ್ಟೋ ವರ್ಷ ಅರೆಬರೆ ತುಂಬಿಯೇ ಮಳೆಗಾಲ ಮುಗಿಸಿತ್ತು. ಹೊಳೆ ಬತ್ತಿದ್ದನ್ನೇ ನೋಡಿ ಬೆಳೆದ ಒಂದು ತಲೆಮಾರು ಪಾತ್ರದ ಅಂಚಿಗೇ ಮನೆ, ಹೊಲ ಮಾಡಿಕೊಂಡಿತ್ತು. ಆ ವಾರ ಘಟ್ಟದ ನೀರು ಏಕಾಏಕಿ ನುಗ್ಗಿ ಬಂತು, ಗೇಟುಗಳನ್ನು ಎತ್ತದೆ ಬೇರೆ ದಾರಿ ಇರಲಿಲ್ಲ. ಮುನವಳ್ಳಿ, ರಾಮದುರ್ಗ, ಸುರೇಬಾನ ನೀರಿಗೆ ಸಿಕ್ಕವು. ಅದೇ ನೀರು ಕೆಳಗೆ ಹೋಗಿ ನರಗುಂದ ತಾಲೂಕಿನ ಕೊಣ್ಣೂರನ್ನು ಮುಳುಗಿಸಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿತು.

ರಾಮದುರ್ಗ, ಸುರೇಬಾನ ಎರಡೂ ನೇಕಾರರ ಊರುಗಳು. ಕುಣಿಮಗ್ಗ ನೋಡಿದವರಿಗೆ ಗೊತ್ತು, ನೇಕಾರ ಕಾಲಿಳಿಬಿಟ್ಟು ಕೂರುವ ಕುಣಿ ನೆಲದ ಮಟ್ಟಕ್ಕಿಂತ ಕೆಳಗಿರುತ್ತದೆ. ಮನೆಯೊಳಗೆ ನೀರು ಬಂದರೆ ಮೊದಲು ತುಂಬುವುದು ಅದೇ. ಮಗ್ಗದ ಮೇಲೆ ಏರಿಸಿದ ಹಾಸನ್ನು ಸೀರೆ ಮಡಚಿದಂತೆ ಮಡಚಿ ಎತ್ತಿಕೊಂಡು ಓಡಲಾಗದು. ಎಳೆ ಸಿಕ್ಕಾಗದಂತೆ ಬಿಚ್ಚಿ ಸುತ್ತಬೇಕು, ಅದಕ್ಕೆ ಕೈ ಬೇಕು, ಹೊತ್ತು ಬೇಕು. “ಸುರಕ್ಷಿತ ಸ್ಥಳಕ್ಕೆ ತೆರಳಿ” ಎಂಬ ಮಾತು ಮಧ್ಯಾಹ್ನ ಬಂದರೆ ನೇಕಾರ ಹಾಸು ಉಳಿಸಿಕೊಳ್ಳುತ್ತಾನೆ, ನಡುರಾತ್ರಿ ಬಂದರೆ ಜೀವ ಮಾತ್ರ ಉಳಿಸಿಕೊಳ್ಳುತ್ತಾನೆ. ಆ ಪ್ರಕಟಣೆ ಬರೆಯುವವರಿಗೆ ಕುಣಿಮಗ್ಗ ಹೇಗಿರುತ್ತದೆ ಎಂದು ಗೊತ್ತಿರಬೇಕು. ಈ ನೌಕರಿಗೆ ಪತ್ರಿಕೋದ್ಯಮದ ಪದವಿಯಷ್ಟೇ ಮುಖ್ಯವಾದ ಅರ್ಹತೆ ಇದು ಎಂದು ನಾನು ನಂಬುತ್ತೇನೆ.

ಆ ವರ್ಷ ನೀರು ಇಳಿದ ಮೇಲೆ ಈ ಕೆಲಸ ಇಮ್ಮಡಿಯಾಯಿತು. ತುರ್ತು ಪರಿಹಾರ ₹10,000, ಮನೆ ಪೂರ್ತಿ ಬಿದ್ದವರಿಗೆ ₹5 ಲಕ್ಷ ಎಂಬ ಘೋಷಣೆ ಬಂತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ ಒಂದು ಎ, ಇನ್ನೊಂದು ಸಿ ಆದರೆ ಅದಕ್ಕೆ ಕಾರಣ ಏನು, ಯಾವ ಕಾಗದ ಕೊಡಬೇಕು, ಒಪ್ಪದಿದ್ದರೆ ಯಾರ ಬಳಿ ಹೋಗಬೇಕು ಎಂಬುದನ್ನು ಯಾರಾದರೂ ಬಿಡಿಸಿ ಹೇಳಬೇಕಲ್ಲ. ಹೇಳುವವರು ಸಿಗದ ಕಡೆ ಮಧ್ಯವರ್ತಿ ಸಿಗುತ್ತಾನೆ. ಅಣೆಕಟ್ಟೆಯೇ ಒಡೆದಿದೆ ಎಂಬಂಥ ಗಾಳಿಸುದ್ದಿಗೂ ಜಾಗ ಸಿಗುವುದು ಹೀಗೆಯೇ, ಅಧಿಕೃತ ಮಾತು ಬಾರದ ಎರಡು ತಾಸಿನಲ್ಲಿ.

ತಡವಾಗಿ ಮುಟ್ಟಿದ ಮಾತಿನ ಬೆಲೆ ಏನೆಂದು ಕಿತ್ತೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ. ದತ್ತು ತೆಗೆದುಕೊಂಡ ವಿಷಯ ತಿಳಿಸುವ ಅವನ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈ ಸೇರಿದ್ದು ಸಾವಿನ ಸುದ್ದಿಯ ಹೊತ್ತಿಗೇ. ಇದು ದೊರೆಯ ಸಹಿಯೇ ಅಲ್ಲ ಎಂದು ಥ್ಯಾಕರೆ ಶಂಕಿಸಿದ, ದತ್ತಕವನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದುಕೊಂಡದ್ದೂ ಫಲ ಕೊಡಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಯುದ್ಧವಾಗಿ ಥ್ಯಾಕರೆ ಸತ್ತ. ಈಸ್ಟ್ ಇಂಡಿಯಾ ಕಂಪನಿಗೆ ಕಿತ್ತೂರು ಬೇಕೇ ಇತ್ತು, ಪತ್ರ ಬೇಗ ಬಂದಿದ್ದರೆ ಯುದ್ಧ ತಪ್ಪುತ್ತಿತ್ತೆಂದು ಹೇಳಲಾಗದು. ಆದರೆ ತಡವಾಗಿ ಬಂದ ಕಾಗದವನ್ನು ನಂಬದಿರಲು ಅಧಿಕಾರಕ್ಕೆ ನೆಪ ಸಿಕ್ಕಿತು ಎಂಬುದು ಮಾತ್ರ ನಿಜ.

ಮುಂದೆ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ಪ್ರಾಣ ಬಿಟ್ಟಳು. ಅವಳ ಪರ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಈ ಸುದ್ದಿ ಬೈಲಹೊಂಗಲದ ಸುತ್ತಿನ ಹಳ್ಳಿಗಳಲ್ಲಿ ಬಾಳಿದ್ದು ಲಾವಣಿಕಾರರ ಬಾಯಲ್ಲಿ. ರಾಯಣ್ಣನ ಲಾವಣಿಯನ್ನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದುಕೊಂಡು 19ನೇ ಶತಮಾನದಲ್ಲೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದ. ಆಳುವವರ ಕಡತ ಬಂಡಾಯ ಎಂದು ಬರೆದದ್ದನ್ನು ಜನ ಶೌರ್ಯ ಎಂದು ಹಾಡಿಕೊಂಡರು.

ವಾರ್ತಾ ಇಲಾಖೆಗೆ ಈ ದಾರಿ ಗೊತ್ತಿಲ್ಲದ್ದೇನಲ್ಲ. ‘ಗ್ರಾಮ ಸಂಪರ್ಕ’ ಎಂಬ ಕಾರ್ಯಕ್ರಮದಲ್ಲಿ ಜನಪದ ಹಾಡುಗಾರರೂ ಬೀದಿ ನಾಟಕದವರೂ ಹಳ್ಳಿ ಕಟ್ಟೆಗೆ ಬಂದು ಸರ್ಕಾರದ ಯೋಜನೆಗಳನ್ನು ಹಾಡಿ ಆಡಿ ತೋರಿಸುತ್ತಾರೆ. ಒಳ್ಳೆಯ ಕ್ರಮ ಅದು. ಆದರೆ “ಫಲಾನುಭವಿ”, “ಅನುಷ್ಠಾನ” ಎಂಬ ಕಚೇರಿಯ ಮಾತನ್ನೇ ಗೀಗೀ ಪದದ ಧಾಟಿಗೆ ಕೂಡಿಸಿಬಿಟ್ಟರೆ ಹಾಡುಗಾರನ ಗಂಟಲು ದುಡಿಯುತ್ತದೆ, ವಿಷಯ ಕಟ್ಟೆ ದಾಟುವುದಿಲ್ಲ. ಮಾತು ಕಟ್ಟುವ ಸ್ವಾತಂತ್ರ್ಯವನ್ನು ಹಾಡುವವನಿಗೇ ಬಿಡಬೇಕು.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಇದರ ಗಟ್ಟಿ ಉದಾಹರಣೆ ಇದೆ. ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಉಧೋ ಉಧೋ ಎನ್ನುತ್ತ ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಬರುವವರು ನಮ್ಮ ಜಿಲ್ಲೆಗಳವರಷ್ಟೇ ಅಲ್ಲ, ಮಹಾರಾಷ್ಟ್ರ, ಗೋವಾ, ಆಂಧ್ರ, ತೆಲಂಗಾಣದವರೂ ಇರುತ್ತಾರೆ. ಕನ್ನಡದ ಫಲಕವೊಂದನ್ನೇ ನೆಟ್ಟರೆ ಅರ್ಧ ಜಾತ್ರೆಗೆ ಅದು ಮುಟ್ಟುವುದಿಲ್ಲ. ಇದೇ ಎಲ್ಲಮ್ಮನ ಹೆಸರಿನಲ್ಲಿ ನಡೆಯುತ್ತಿದ್ದ ದೇವದಾಸಿ ಸಮರ್ಪಣೆಯನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿತು. ಕಾಯ್ದೆಯ ವಿಷಯ ಗೋಡೆಬರಹವಾಯಿತು, ಭಿತ್ತಿಪತ್ರವಾಯಿತು. ಮನೆಯೊಳಕ್ಕೆ ಅದನ್ನು ಒಯ್ದು ತಾಯಂದಿರ ಮುಂದೆ ಕೂತು ಮಾತಾಡಿದವರು ಮಾತ್ರ ಮುತ್ತು ಕಟ್ಟಿಸಿಕೊಂಡು ನೊಂದ ಹೆಣ್ಣುಮಕ್ಕಳೇ. ಬೆಳಗಾವಿ ಜಿಲ್ಲೆಯಲ್ಲಿ ‘ಮಾಸ್’ ಸಂಸ್ಥೆಯ ಮೂಲಕ ಆ ಕೆಲಸ ಮಾಡಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರ ಮಾತನ್ನು ಜನ ನಂಬಿದ್ದು ಅದು ಬದುಕಿ ಬಂದವಳ ಮಾತು ಎಂದು. ಸರ್ಕಾರಿ ಪ್ರಚಾರ ಎಂಬುದು ಇಂಥವರ ಕೈಗೆ ಮೈಕು ಕೊಟ್ಟು ಪಕ್ಕಕ್ಕೆ ಸರಿಯುವ ಕೆಲಸವೂ ಹೌದು.

ಈಗ ವಾರ್ತಾಧಿಕಾರಿಯ ಮೇಜಿನ ಕಡೆ ನೋಡೋಣ. ಕಚೇರಿ ಇರುವುದು ಜಿಲ್ಲಾ ಕೇಂದ್ರ ಬೆಳಗಾವಿಯಲ್ಲಿ, ರಾಮದುರ್ಗ ಅಲ್ಲಿಂದ ಸುಮಾರು ನೂರು ಕಿಲೋಮೀಟರ್. ಬೆಳಿಗ್ಗೆ ಸಚಿವರ ಸಭೆ, ಮಧ್ಯಾಹ್ನ ಜಯಂತಿ, ಸಂಜೆ ಉದ್ಘಾಟನೆ. ಅಕ್ಟೋಬರ್ ಬಂದರೆ ಕಿತ್ತೂರು ಉತ್ಸವ, ಚಳಿಗಾಲದಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ. ಪ್ರತಿಯೊಂದಕ್ಕೂ ಫೋಟೊ ಬೇಕು, ವರದಿ ಬೇಕು, ಅದೂ ಪತ್ರಿಕೆಗಳು ಪುಟ ಕಟ್ಟುವುದರೊಳಗೆ. ಅಧ್ಯಕ್ಷತೆ ವಹಿಸಿದ್ದರು, ಸ್ವಾಗತಿಸಿದರು, ನಿರೂಪಿಸಿದರು, ವಂದಿಸಿದರು ಎಂದು ಹತ್ತು ಹದಿನೈದು ಹೆಸರು ಬರೆದು ಮುಗಿಸುವಷ್ಟರಲ್ಲಿ ಹಾಳೆಯ ಕೊನೆ ಬಂದಿರುತ್ತದೆ. ಅರ್ಜಿ ಹಾಕಲು ಕೊನೆಯ ದಿನ ಯಾವುದು ಎಂಬುದು ಅಲ್ಲೆಲ್ಲೋ ಮೂಲೆಯಲ್ಲಿ ಇರುತ್ತದೆ. ಗಣ್ಯರ ಹೆಸರು ಹಿಂದೆಮುಂದಾದರೆ ಆ ರಾತ್ರಿಯೇ ಫೋನು ಬರುತ್ತದೆ. ಕೊನೆಯ ದಿನ ತಪ್ಪಾದರೆ ಯಾವ ಫೋನೂ ಬರುವುದಿಲ್ಲ, ಯಾರೋ ಒಬ್ಬ ವಿಧವೆಯ ಪಿಂಚಣಿ ತಪ್ಪುತ್ತದೆ ಅಷ್ಟೇ. ಈ ನೌಕರಿಯಲ್ಲಿರುವವರು ದಿನವೂ ಎದುರಿಸುವ ಪರೀಕ್ಷೆ ಇದು, ಅದರಲ್ಲಿ ಗೆದ್ದವರಿಗೆ ಹಾರ ಹಾಕುವವರಿಲ್ಲ.

ಮೊದಲು ಊರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಹಲಗೆ ಬಾರಿಸಿ ಡಂಗುರ ಸಾರುವವನು ಮಾಡುತ್ತಿದ್ದ. ಆ ಹಲಗೆಯ ಜೊತೆ ಜಾತಿಯ ಭಾರವನ್ನೂ ಅವನ ಕೊರಳಿಗೆ ಕಟ್ಟಿದ್ದರು, ಆ ಕಾಲ ಮತ್ತೆ ಬರಬೇಕಿಲ್ಲ. ಆದರೆ ಅವನು ಸಾರುವ ಬಗೆಯನ್ನು ಮರೆಯಬಾರದು. ಓಣಿ ಓಣಿಗೂ ನಿಲ್ಲುತ್ತಿದ್ದ, ನಾಕು ಏಟು ಬಾರಿಸಿ ಜನ ಹೊರಗೆ ಬರುವವರೆಗೆ ಕಾಯುತ್ತಿದ್ದ, ಆಮೇಲೆ ಊರಿನ ಮಾತಿನಲ್ಲೇ ಹೇಳುತ್ತಿದ್ದ. “ಏನಪ್ಪಾ, ಯಾವತ್ತಂದಿ?” ಎಂದು ತಿರುಗಿ ಕೇಳಿದರೆ ಇನ್ನೊಮ್ಮೆ ಹೇಳುತ್ತಿದ್ದ. ವಾಟ್ಸ್‌ಆ್ಯಪ್‌ಗೆ ಬಂದು ಬೀಳುವ ಪಿಡಿಎಫ್ ಅನ್ನು ತಿರುಗಿ ಕೇಳಲು ಬರುವುದಿಲ್ಲ.

ಅಜ್ಜಿಯ ಪ್ರಶ್ನೆಗೆ ಉತ್ತರ ಅಸಾಧ್ಯವೇನಲ್ಲ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹೊಳೆದಂಡೆಯ ಪ್ರತಿ ಓಣಿಗೂ ನೆನಪಿದೆ: ಈ ಗುಡಿಯ ಮೆಟ್ಟಿಲು, ಆ ಶಾಲೆಯ ಕಿಟಕಿ. ಮುನವಳ್ಳಿಯಿಂದ ಸುರೇಬಾನದವರೆಗಿನ ಪುರಸಭೆ, ಪಂಚಾಯಿತಿಗಳಿಗೆ ಒಂದು ವಿನಂತಿ. ಆ ನೆನಪು ಮಾಸುವ ಮುನ್ನ, ಬರುವ ಮಳೆಗಾಲಕ್ಕೂ ಮುನ್ನ, ಅಷ್ಟೂ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆಸಿ, ಅಂದು ಬಿಟ್ಟ ನೀರಿನ ಲೆಕ್ಕವನ್ನು ಪಕ್ಕದಲ್ಲಿ ಬರೆಸಿ. ಮುಂದಿನ ಪ್ರಕಟಣೆಯಲ್ಲಿ ಕ್ಯೂಸೆಕ್ ಜೊತೆಗೆ “ಕೆಂಪು ಗೆರೆಗಿಂತ ಕೆಳಗೆ ಅಥವಾ ಮೇಲೆ” ಎಂಬ ಒಂದು ಸಾಲು ಸೇರಿಸಲು ವಾರ್ತಾಧಿಕಾರಿಗೆ ಅಷ್ಟು ಸಾಕು.