ಹೊಟ್ಟೆಗೆ ಹೊಲದ ಮದ್ದು: ಎಲ್ಲಿಯವರೆಗೆ?

ಅಷ್ಟೂರ ಎಂದೊಡನೆ ನಿಮಗೆ ನೆನಪಾಗುವುದು ಬಹಮನಿ ಸುಲ್ತಾನರ ಗುಮ್ಮಟಗಳು. ಆದರೆ ಬೀದರ್, ಭಾಲ್ಕಿ, ಔರಾದ್ ಭಾಗದ ಹೊಲ, ಹಿತ್ತಿಲುಗಳೂ ಗಮನಿಸತಕ್ಕವೇ. ಇಲ್ಲಿಯ ಕಡಲೆ, ಅಗಸಿ, ನುಗ್ಗೆ ಬರೀ ಆಹಾರವಲ್ಲ, ಹೊಟ್ಟೆಯ ಮದ್ದೂ ಹೌದು. ಅವುಗಳ ಗುಣದ ಜೊತೆಗೆ ಮಿತಿಯೂ ನಿಮಗೆ ತಿಳಿದಿರಬೇಕು.

ಅಜೀರ್ಣಕ್ಕೆ ಕಡಲೆ ಹುಳಿ

ಚಳಿಗಾಲದಲ್ಲಿ ಕಡಲೆ ಗಿಡದ ಎಲೆಗಳಿಂದ ಹುಳಿ ರಸ ಜಿನುಗುತ್ತದೆ. ರಾತ್ರಿ ಗಿಡಗಳ ಮೇಲೆ ಶುಭ್ರವಾದ ಬಟ್ಟೆ ಹಾಸಿ, ಇಬ್ಬನಿಯಲ್ಲಿ ನೆನೆದ ಅದನ್ನು ಬೆಳಗಿನ ಜಾವ ಹಿಂಡಿ ಸೀಸೆಯಲ್ಲಿಡುವ ರೂಢಿ ಉತ್ತರ ಕರ್ನಾಟಕದ ರೈತರಲ್ಲಿದೆ. ಅಜೀರ್ಣ, ಹೊಟ್ಟೆನೋವು ಬಂದಾಗ ಇದರ ಕೆಲವು ಹನಿಗಳನ್ನು ನೀರಿಗೆ ಹಾಕಿ ಕುಡಿಯುತ್ತಾರೆ. ಇದರಲ್ಲಿರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳು. ಆದ್ದರಿಂದ ಮೂತ್ರಪಿಂಡದ ಕಲ್ಲು, ಹೊಟ್ಟೆಹುಣ್ಣು ಇರುವವರಿಗೆ ಇದು ತರವಲ್ಲ. ಕೀಟನಾಶಕ ಸಿಂಪಡಿಸಿದ ಹೊಲದ ಹುಳಿಯನ್ನಂತೂ ಯಾರೂ ಮುಟ್ಟಬಾರದು.

ಮಲಬದ್ಧತೆಗೆ ಅಗಸಿ

ರೊಟ್ಟಿಯ ಜೊತೆ ನಂಚಿಕೊಳ್ಳುವ ಅಗಸಿ ಹಿಂಡಿಯಲ್ಲಿ ನಾರಿನಂಶ ಹೇರಳ. ಅದು ನೀರು ಹೀರಿ ಉಬ್ಬಿ ಮಲವನ್ನು ಮೃದುವಾಗಿಸುತ್ತದೆ. ಆದರೆ ಸಾಕಷ್ಟು ನೀರು ಕುಡಿಯದಿದ್ದರೆ ತೊಂದರೆ ಹೆಚ್ಚೀತು.

ರಕ್ತಹೀನತೆಗೆ ನುಗ್ಗೆ

ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣ, ಸುಣ್ಣದ ಅಂಶಗಳೆರಡೂ ಇವೆ. ಆದರೆ ಸೊಪ್ಪಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಇಲ್ಲವೇ ನೆಲ್ಲಿಕಾಯಿ ತಿನ್ನಿ. 'ಸಿ' ಜೀವಸತ್ವ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಬೆನ್ನಿಗೇ ಚಹಾ ಬೇಡ. ಗರ್ಭಿಣಿಯರು ಸೊಪ್ಪು ತಿನ್ನುತ್ತೇವೆಂದು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳನ್ನು ಬಿಡಕೂಡದು.

ಭೇದಿಯಾದಾಗ ಎಚ್ಚರ

ಭೇದಿಗೆ ಬಿಲ್ವದ ಎಳೆಗಾಯಿ, ದಾಳಿಂಬೆ ಸಿಪ್ಪೆಯ ಕಷಾಯ ಹಳೆಯ ಮದ್ದುಗಳು. ಆದರೆ ಮಗುವಿನ ಜೀವಕ್ಕೆ ಕುತ್ತು ತರುವುದು ಮುಖ್ಯವಾಗಿ ದೇಹದ ನೀರು, ಲವಣ ಬರಿದಾಗುವುದು. ಕಷಾಯ ಆ ನಷ್ಟವನ್ನು ತುಂಬಿಕೊಡುವುದಿಲ್ಲ. 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ರೋಗಿಗಳಿಗೆ ಲವಣ-ಸಕ್ಕರೆಯ ದ್ರಾವಣ ಕುಡಿಸಿದರು. ಸಾವು ಶೇಕಡಾ 30ರ ಆಸುಪಾಸಿನಿಂದ ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ಅದಿಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಸಿ. ಉಪ್ಪು ಹೆಚ್ಚಾದರೆ ಅಪಾಯ. ಎದೆಹಾಲು, ಊಟ ನಿಲ್ಲಿಸಬೇಡಿ. ವೈದ್ಯರು ಅಥವಾ ಕಾರ್ಯಕರ್ತೆ ಹೇಳಿದಷ್ಟು ದಿನ ಝಿಂಕ್ ಮಾತ್ರೆಯನ್ನೂ ಕೊಡಿ.

ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯ ಹಿರಿಯರಿಗೊಂದು ಮಾತು. ಆರು ತಿಂಗಳೊಳಗಿನ ಕೂಸಿಗೆ ಬಜೆ, ಅಳಲೆಕಾಯಿ ತೇಯ್ದು ನೆಕ್ಕಿಸುವುದು ಬೇಡ. ತೇಯುವ ಕಲ್ಲು, ಬೆರೆಸುವ ನೀರು, ನೆಕ್ಕಿಸುವ ಬೆರಳು, ಇವುಗಳ ಮೂಲಕವೇ ರೋಗಾಣು ಹೊಟ್ಟೆ ಸೇರಬಹುದು. ಆ ವಯಸ್ಸಿನಲ್ಲಿ ತಾಯಿಯ ಹಾಲೊಂದೇ ಸಾಕು.