ಸೌರ ಫಲಕ ತೊಳೆಯುವ ಮುನ್ನ ವಾರಂಟಿ ಚೀಟಿ ಓದಿ



ಗುಡೇಕೋಟೆ ಸುತ್ತಿನ ಹಳ್ಳಿಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಮಾಳಿಗೆಯ ಮೇಲೆ ಸೋಲಾರ್ ಪ್ಯಾನಲ್, ಅಂದರೆ ಸೌರ ಫಲಕ ಕಾಣುತ್ತದೆ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ತಂದ ಮೇಲೆ ಕೇಳುವವರು ಹೆಚ್ಚಾಗಿದ್ದಾರೆ. ಆ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಉಳಿದ ಹಣ ನಮ್ಮದೇ. ಹೆಚ್ಚಿನವರು ಸಾಲ ಮಾಡಿಯೇ ಹಾಕಿಸುತ್ತಾರೆ. ಆದ್ದರಿಂದ ಹಾಕಿಸಿದ ಮೇಲೆ ಅದನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಈ ಸಾರಿ ತಿಳಿಯೋಣ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಒಂದು ಹಳ್ಳಿಯ ಸ್ವಸಹಾಯ ಸಂಘದವರು ಹೊಲಿಗೆ ಯಂತ್ರ ನಡೆಸಲು ನಾಲ್ಕು ಪ್ಯಾನಲ್ ಹಾಕಿಸಿದ್ದರು. ಬೇಸಿಗೆಯಲ್ಲಿ ಕೆಂಪು ಧೂಳು ಕೂತು ಕರೆಂಟ್ ಕಡಿಮೆಯಾಯಿತು. ನಮ್ಮ ಹೆಣ್ಣುಮಕ್ಕಳು ಸುಮ್ಮನೆ ಕೂರುವವರಲ್ಲ. ಮಧ್ಯಾಹ್ನ ಮೇಲೆ ಹತ್ತಿ, ಬೋರ್ ನೀರು ಸುರಿದು, ಸೋಪಿನ ಪುಡಿ ಹಾಕಿ, ಸ್ಟೀಲ್ ನಾರಿನಿಂದ ಪಾತ್ರೆ ಬೆಳಗಿದ ಹಾಗೆ ತಿಕ್ಕಿದರು. ಕೈ ಎಟುಕದ ಕಡೆ ಪ್ಯಾನಲ್ ಮೇಲೆಯೇ ಕಾಲಿಟ್ಟು ನಿಂತರು. “ಎಷ್ಟು ತಿಕ್ಕಿದ್ರೂ ಬಿಳಿ ಕರೆ ಹೋಗ್ತಿಲ್ಲ ನೋಡ್ರಿ ಸಿಸ್ಟರ್” ಎಂದು ನಮಗೆ ಹೇಳಿದಾಗ ಕೆಲಸ ಕೆಟ್ಟಾಗಿತ್ತು. ಕಂಪನಿಯವರು ಬಂದು ಗೀರು ನೋಡಿದರು, “ಇದು ವಾರಂಟಿಯಲ್ಲಿ ಬರಲ್ಲ” ಅಂದು ಹೋದರು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಹೇಗೆ ತೊಳೆಯಬೇಕು, ಹೇಗೆ ತೊಳೆಯಬಾರದು ಎಂದು ಬರೆದ ಚೀಟಿ ನಮ್ಮ ಬೀರುವಿನಲ್ಲೇ ಇತ್ತು. ಇಂಗ್ಲಿಷಿನಲ್ಲಿತ್ತು. ಓದಿ ಹೇಳಬೇಕಾದವರು ನಾವು, ಹೇಳಿರಲಿಲ್ಲ. ಆ ತಪ್ಪು ಇನ್ನೊಬ್ಬರ ಮನೆಯಲ್ಲಿ ಆಗಬಾರದು ಎಂದೇ ಈ ಲೇಖನ.

ಪ್ಯಾನಲ್ ಒಳಗೆ ಏನಿದೆ?

ಮೇಲೆ ಕಾಣುವುದು ಗಟ್ಟಿ ಗಾಜು, ಸುಮಾರು 3 ಮಿಲಿಮೀಟರ್ ದಪ್ಪ. ಬೆಳಕು ವಾಪಸ್ ಹೊಳೆದು ಹೋಗದೆ ಒಳಗೆ ಇಳಿಯಲಿ ಎಂದು ಅದರ ಮೇಲೆ ಬಹಳ ತೆಳುವಾದ ಲೇಪ ಕೊಟ್ಟಿರುತ್ತಾರೆ. ಸ್ಟೀಲ್ ನಾರು, ಬೂದಿ, ಮರಳು ಮೊದಲು ಕೀಳುವುದು ಈ ಲೇಪವನ್ನೇ. ಗಾಜಿನ ಕೆಳಗೆ ಸಿಲಿಕಾನ್ ಬಿಲ್ಲೆಗಳು ಇರುತ್ತವೆ. ಅವು ಎರಡು ಕೂದಲೆಳೆ ಜೋಡಿಸಿದಷ್ಟು ಮಾತ್ರ ದಪ್ಪ, ಹಪ್ಪಳದಂತೆ ಸುಲಭವಾಗಿ ಮುರಿಯುತ್ತವೆ. ನಾವು ಕಾಲಿಟ್ಟರೆ ಗಾಜು ಒಡೆಯದೇ ಇರಬಹುದು, ಆದರೆ ಒಳಗಿನ ಬಿಲ್ಲೆ ಬಿರುಕು ಬಿಡುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ತಿಂಗಳು ಕಳೆದಂತೆ ಕರೆಂಟ್ ಕಡಿಮೆಯಾದಾಗಲೇ ಗೊತ್ತಾಗುವುದು.

ಹಕ್ಕಿ ಹಿಕ್ಕೆಯನ್ನೂ ಹಾಗೇ ಬಿಡಬಾರದು. ಅದು ಕೂತ ಜಾಗದಲ್ಲಿ ನೆರಳಾಗಿ, ಆ ಬಿಲ್ಲೆ ಕರೆಂಟ್ ಕೊಡುವ ಬದಲು ತಾನೇ ಕಾದು ಸುಡತೊಡಗುತ್ತದೆ.

ನೀರೇ ಮುಖ್ಯ

ನಮ್ಮ ಭಾಗದ ಬೋರ್ ನೀರು ಎಂಥದ್ದೆಂದು ಸ್ನಾನದ ಹಂಡೆ ನೋಡಿದರೆ ಸಾಕು. ಹಂಡೆಯ ಒಳಗೆ ಕೂರುವ ಬಿಳಿ ಪೊರೆಯೇ ಬಿಸಿ ಗಾಜಿನ ಮೇಲೂ ಕೂರುತ್ತದೆ. ನೀರು ಆರುತ್ತದೆ, ಅದರಲ್ಲಿದ್ದ ಸುಣ್ಣದಂಥ ಲವಣ ಉಳಿಯುತ್ತದೆ. ಸೋಪು ಹಾಕಿದರೆ ಅದರ ಜಿಡ್ಡಿಗೆ ಮತ್ತಷ್ಟು ಧೂಳು ಅಂಟುತ್ತದೆ.

ಇದಕ್ಕೆ ಒಳ್ಳೆಯದು ಮಳೆ ನೀರು. ಮೊದಲ ಮಳೆಯನ್ನು ಹರಿಯಬಿಟ್ಟು, ಮುಂದಿನ ಮಳೆಯ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಮುಚ್ಚಿಡಿ. ಅದು ಇಲ್ಲದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿ. ಆದರೆ ಒಂದು ಮಾತು: ಘಟಕದಿಂದ ಹೊರಗೆ ಬಿಡುವ ನೀರು ಪುಕ್ಕಟೆ ಸಿಗುತ್ತದೆಂದು ತರಬೇಡಿ. ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ, ಅದು ಬೋರ್ ನೀರಿಗಿಂತ ಕೆಟ್ಟದು. ಆರು ಪ್ಯಾನಲ್‌ಗೆ ಎರಡು ಮೂರು ಬಕೆಟ್ ಸಾಕು. ನೀರಿಗೆ ಕಷ್ಟಪಡುವ ನಮ್ಮ ಊರುಗಳಲ್ಲಿ ಹೆಚ್ಚು ಸುರಿಯುವ ಅಗತ್ಯವೂ ಇಲ್ಲ.

ತೊಳೆಯುವ ಕ್ರಮ

1. ಹೊತ್ತು ಹುಟ್ಟುವ ಸಮಯದಲ್ಲಿ ಮಾಡಿ. ಮಧ್ಯಾಹ್ನ ಗಾಜು 60 ಡಿಗ್ರಿ ದಾಟಿ ಕಾದಿರುತ್ತದೆ, ತಣ್ಣೀರು ಬಿದ್ದರೆ ಒಡೆಯಬಹುದು.
2. ಸ್ಥಾಪಿಸಿದವರು ತೋರಿಸಿಕೊಟ್ಟ ಕ್ರಮದಲ್ಲಿ ಸ್ವಿಚ್ ಆಫ್ ಮಾಡಿ. ಆದರೂ ಬೆಳಕಿರುವ ತನಕ ಪ್ಯಾನಲ್ ಕರೆಂಟ್ ಕೊಡುತ್ತಲೇ ಇರುತ್ತದೆ. ಒಂದೊಂದು ಪ್ಯಾನಲ್ 40–50 ವೋಲ್ಟ್, ಆರನ್ನು ಸಾಲಾಗಿ ಜೋಡಿಸಿದರೆ 300ರ ಹತ್ತಿರ. ಗಾಜು ಒಡೆದಿದ್ದರೆ, ವೈರ್ ಸುಲಿದಿದ್ದರೆ ನೀರು ಹಾಕಲೇಬೇಡಿ, ಮುಟ್ಟಬೇಡಿ. ಕಂಪನಿಯವರನ್ನು ಕರೆಸಿ.
3. ಮೊದಲು ಒಣ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಕೊಡವಿ. ಆಮೇಲೆ ನೀರು ಚಿಮುಕಿಸಿ, ಉದ್ದ ಕೋಲಿಗೆ ಕಟ್ಟಿದ ಸ್ಪಂಜು ಅಥವಾ ಹತ್ತಿ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ.
4. ಹಿಕ್ಕೆ ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಡಿ, ತಾನಾಗಿ ಬಿಡುತ್ತದೆ. ಚಾಕು, ಬ್ಲೇಡು ಬೇಡ.
5. ಬಿಳಿ ಕರೆ ಕೂತಿದ್ದರೆ ಆಸಿಡ್ ಹಾಕಬೇಡಿ. ಏನು ಬಳಸಬಹುದೆಂದು ಕಂಪನಿಯನ್ನೇ ಕೇಳಿ.
6. ಬೈಕ್ ತೊಳೆಯುವ ರಭಸದ ಪೈಪ್ ಬೇಡ. ನೀರು ಚೌಕಟ್ಟಿನ ಸಂದಿಯಲ್ಲಿ ಒಳಗೆ ಹೋಗುತ್ತದೆ.
7. ಒಬ್ಬರೇ ಹತ್ತಬೇಡಿ. ಏಣಿ ಹಿಡಿಯಲು ಇನ್ನೊಬ್ಬರು ಇರಲಿ. ಪ್ಯಾನಲ್ ಮೇಲೆ ಕಾಲು, ಮೊಣಕಾಲು ಯಾವುದೂ ಬೇಡ.

ಶೇಂಗಾ, ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಹೊಟ್ಟು ಹಾರಿ ಬೇಗ ಕೊಳೆಯಾಗುತ್ತದೆ, ಆಗ ಹೆಚ್ಚು ಸಲ ನೋಡಿ. ಒಳ್ಳೆ ಮಳೆ ಬಿದ್ದ ವಾರ ತೊಳೆಯುವ ಕೆಲಸವೇ ಇರುವುದಿಲ್ಲ.

ಇದೇ ಬುದ್ಧಿ ಬೇರೆ ವಸ್ತುಗಳಿಗೂ ಬೇಕು. ಬಣ್ಣದ ತಗಡಿನ ಚಾವಣಿಗೆ ತಂತಿ ಬ್ರಷ್ ಹಾಕಿದರೆ ಬಣ್ಣದ ಪದರ ಹೋಗಿ ತುಕ್ಕು ಹಿಡಿಯುತ್ತದೆ. ಗೆದ್ದಲು ಹತ್ತದೆಂದು ಈಗ ಹಾಕಿಸುವ ಡಬ್ಲ್ಯೂಪಿಸಿ ಬಾಗಿಲು, ಹಲಗೆಗಳು ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದವು. ಅವಕ್ಕೆ ಥಿನ್ನರ್, ಆಸಿಡ್, ಸ್ಟೀಲ್ ನಾರು ಬೇಡ. ಮೆತ್ತನೆ ಬಟ್ಟೆ, ತಿಳಿ ಸಾಬೂನು ನೀರು ಸಾಕು.

ಚೀಟಿಯಲ್ಲಿ ಏನು ನೋಡಬೇಕು?

ಪ್ಯಾನಲ್‌ಗೆ ಸಾಮಾನ್ಯವಾಗಿ ಎರಡು ವಾರಂಟಿ ಇರುತ್ತವೆ. ಒಂದು, ತಯಾರಿಕೆಯ ದೋಷಕ್ಕೆ, ಹತ್ತು ಹನ್ನೆರಡು ವರ್ಷ. ಇನ್ನೊಂದು, ಕರೆಂಟ್ ಇಷ್ಟಕ್ಕಿಂತ ಕಡಿಮೆಯಾಗುವುದಿಲ್ಲ ಎಂಬುದಕ್ಕೆ, 25 ವರ್ಷ. ಎರಡರಲ್ಲೂ “ಸರಿಯಾಗಿ ನಿರ್ವಹಿಸದಿದ್ದರೆ ಅನ್ವಯಿಸುವುದಿಲ್ಲ” ಎಂಬ ಅರ್ಥದ ಸಾಲು ಇರುತ್ತದೆ. ಆ ಸಾಲನ್ನು ಹುಡುಕಿ. ಓದಲು ಬಾರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಿ, ಇಲ್ಲವೇ ನಮ್ಮ ಹತ್ತಿರ ತನ್ನಿ. ಪಿಎಂ ಸೂರ್ಯ ಘರ್‌ನಲ್ಲಿ ಹಾಕಿಸಿದ್ದರೆ, ಸ್ಥಾಪಿಸಿದವರು ಐದು ವರ್ಷ ನಿರ್ವಹಣೆ ಮಾಡಿಕೊಡಬೇಕೆಂಬ ನಿಯಮವಿದೆ, ಕರಾರು ಪತ್ರದಲ್ಲಿ ಅದು ಇದೆಯೇ ನೋಡಿ.

ಬಿಲ್ಲು, ವಾರಂಟಿ ಚೀಟಿ, ಪ್ಯಾನಲ್ ಹಿಂದಿನ ನಂಬರಿನ ಫೋಟೋ ಒಂದೇ ಕವರಿನಲ್ಲಿಡಿ. ಆ ನಂಬರಿನ ಸ್ಟಿಕ್ಕರ್ ಕೀಳಬೇಡಿ. ಚೌಕಟ್ಟಿಗೆ ನೀವಾಗಿ ತೂತು ಕೊರೆಯಬೇಡಿ. ತೊಳೆದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ನಾಳೆ ಅದೇ ಸಾಕ್ಷಿ.

ನಿಮ್ಮ ತಪ್ಪಿಲ್ಲದೆ ಕಂಪನಿ ಕೈ ಎತ್ತಿದರೆ “ಅದನ್ನೇ ಬರೆದು ಕೊಡಿ” ಎಂದು ಕೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ.

ಆ ಸಂಘದ ತಾಯಂದಿರು ಈಗ ಬೆಳಿಗ್ಗೆ ಆರಕ್ಕೆ, ಮಳೆ ನೀರು ಮತ್ತು ಹಳೆ ಸೀರೆಯ ತುಂಡು ಹಿಡಿದು ಒರೆಸುತ್ತಾರೆ. ಗೀರು ಬಿದ್ದ ಪ್ಯಾನಲ್‌ಗಳಲ್ಲೇ ಯಂತ್ರ ನಡೆಯುತ್ತಿದೆ, ಮೊದಲಿನಷ್ಟು ಹೊತ್ತಲ್ಲ. ಚೀಟಿಯ ಕನ್ನಡ ಅನುವಾದವನ್ನು ನಾವು ಗೋಡೆಗೆ ಅಂಟಿಸಿದ್ದೇವೆ. ನಿಮ್ಮ ಮನೆಯಲ್ಲಿ ಅದನ್ನು ತೊಳೆಯುವ ಮೊದಲೇ ಅಂಟಿಸಿರಿ.